ನಮ್ಮೂರು ಕಾಣುವ ಕಿಟಕಿ ಯಾವುದು?

ಪ್ರಶ್ನೆ: ಅಪ್ಪ-ಅಮ್ಮನನ್ನು ಮೊದಲ ಸಲ ಮಂಗಳೂರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಕಳಿಸುತ್ತಿದ್ದೇನೆ. ಪುತ್ತೂರು, ಸುಳ್ಯ, ಕಡಬದ ಕಡೆ ಕಾಣಬೇಕಾದರೆ ಯಾವ ಸೀಟು ತೆಗೆದುಕೊಳ್ಳಲಿ?

ಉತ್ತರ: ಬಲಗಡೆಯದು. ಈ ಮೂರೂ ತಾಲೂಕುಗಳು ಮಂಗಳೂರು-ಬೆಂಗಳೂರು ನೇರ ಗೆರೆಯ ದಕ್ಷಿಣಕ್ಕಿವೆ. ಸಾಲಿಗೆ ಆರು ಸೀಟಿನ ವಿಮಾನದಲ್ಲಿ ಬಲ ಕಿಟಕಿ ‘ಎಫ್’, ಎಡ ಕಿಟಕಿ ‘ಎ’. ವಾಪಸು ಬರುವಾಗ ‘ಎ’ ಹಿಡಿಯಿರಿ. ನಡುವಿನ ಸಾಲುಗಳು ಬೇಡ, ರೆಕ್ಕೆ ಅಡ್ಡ ಬರುತ್ತದೆ.

ಏರಿದ ಕೆಲವೇ ನಿಮಿಷಕ್ಕೆ ಉಪ್ಪಿನಂಗಡಿಯನ್ನು ಹುಡುಕಲು ಹೇಳಿ. ನೇತ್ರಾವತಿಗೆ ಕುಮಾರಧಾರಾ ಸೇರುವ ಕವಲು ಅದು. ಬೇಸಗೆ ಹತ್ತಿರವಾದಂತೆ ನೀರು ಇಳಿದು, ಕಡುಹಸಿರಿನ ನಡುವೆ ಮರಳಿನ ಬಿಳಿ ಪಟ್ಟಿಗಳು ಎದ್ದು ಕಾಣುತ್ತವೆ. ಆ ಗುರುತು ಸಿಕ್ಕರೆ ಪುತ್ತೂರು ಅದರ ಆಚೆಗೇ. ಕಡಬ, ಸುಳ್ಯ ಇನ್ನೂ ದೂರದ ಮಬ್ಬಿನಲ್ಲಿ. ಅವುಗಳ ಹಿಂದೆ ಗೋಡೆಯಂತೆ ನಿಂತದ್ದು ಘಟ್ಟ. ಅದರಲ್ಲಿ 1,712 ಮೀಟರಿನ ಕುಮಾರಪರ್ವತ.

ಎಡಗಡೆಯವರಿಗೆ ಕುದುರೆಮುಖ ಸಿಗುತ್ತದೆ, ಅದೂ ಕಡಿಮೆಯದೇನಲ್ಲ. ಆದರೆ ತಾವು ಬದುಕಿದ ನೆಲವನ್ನು ಒಮ್ಮೆ ಮೇಲಿನಿಂದ ನೋಡುವ ಭಾಗ್ಯ ಬಲಗಡೆಗೇ.

ಮಳೆಗಾಲದಲ್ಲಿ ಬರೀ ಮೋಡ. ಡಿಸೆಂಬರ್-ಜನವರಿಯ ಟಿಕೆಟ್ ಮಾಡಿ. ಬೆಳಗಿನ ವಿಮಾನವಾದರೆ ಬಿಸಿಲು ಮುಖಕ್ಕೇ ಹೊಡೆಯುತ್ತದೆ; ಮಧ್ಯಾಹ್ನದ ಮೇಲಿನದು ಕಣ್ಣಿಗೆ ಹಿತ.