ಸಾಲ ತೀರಿಸಲಾಗದ ಬೆಳೆಗಾರನಿಗೆ ಕಾನೂನಿನ ಆಸರೆ ಎಷ್ಟು?

ಬೆಳೆಗಾರನು ಸಾಲದಲ್ಲಿ ಮುಳುಗುವುದಕ್ಕೆ ದುಂದುವೆಚ್ಚವೇ ಕಾರಣವಾಗಬೇಕಿಲ್ಲ. ಈ ಶತಮಾನದ ಆರಂಭದಲ್ಲಿ ಕಾಫಿಯ ಬೆಲೆ ನೆಲಕಚ್ಚಿದಾಗ, ಬೆಳೆಗಾರರ ಹಳೆಯ ಸಾಲಗಳನ್ನು ಒಗ್ಗೂಡಿಸಲು 2002ರಲ್ಲಿ ವಿಶೇಷ ಕಾಫಿ ಅವಧಿ ಸಾಲವನ್ನು ಏರ್ಪಡಿಸಲಾಯಿತು. ಅದೂ ತೀರದೆ ಉಳಿದುದರಿಂದ 2010ರಲ್ಲಿ ಸಣ್ಣ ಬೆಳೆಗಾರರಿಗಾಗಿ ಸಾಲ ಪರಿಹಾರ ಯೋಜನೆಯನ್ನೇ ತರಬೇಕಾಯಿತು. ಅಡಿಕೆಯವರಿಗೆ ಕೊಳೆರೋಗದ ಜೊತೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಫಸಲು ಕೈಕೊಟ್ಟ ವರ್ಷ ಸಂಘದ ಕಂತು ನಿಲ್ಲುತ್ತದೆ. ಅದನ್ನು ಕಟ್ಟಲು ಮಂಡಿಯಲ್ಲಿ ಮುಂಗಡ, ಮಂಡಿಗೆ ಕೊಡಲು ಕೈಸಾಲ, ಹೀಗೆ ಗಂಟಿನ ಮೇಲೆ ಗಂಟು ಬೀಳುತ್ತದೆ.

ಇಂಥ ಸ್ಥಿತಿಯಲ್ಲಿ ಏಳುವ ಪ್ರಶ್ನೆ ಒಂದೇ: “ದಿವಾಳಿ ಅರ್ಜಿ ಹಾಕಿದರೆ ಸಾಲ ಹೋಗುತ್ತದೆಯೇ? ತೋಟ ಉಳಿಯುತ್ತದೆಯೇ?” ಕಾನೂನಿನಲ್ಲಿ ಆಸರೆ ಇರುವುದು ನಿಜ. ಆದರೆ ಅದು ಬೇಗ ಬಂದವನಿಗೆ, ಬಚ್ಚಿಡದವನಿಗೆ ಮಾತ್ರ ಸಿಗುವಂಥದು. ಕಡೆಯ ಗಳಿಗೆಯಲ್ಲಿ ಅದು ಬಹಳ ಕಿರಿದಾಗಿರುತ್ತದೆ.

ಸಾಲಗಳನ್ನು ವಿಂಗಡಿಸಿ

ಮೊದಲು ಒಂದು ಹಾಳೆಯಲ್ಲಿ ಎಲ್ಲ ಸಾಲಗಳನ್ನೂ ಮೂರು ಭಾಗ ಮಾಡಿ ಬರೆಯಬೇಕು. ಒಂದು, ಆಸ್ತಿ ಅಡಮಾನ ಕೊಟ್ಟು ತಂದ ಸಾಲ. ಹಕ್ಕುಪತ್ರಗಳನ್ನು ಬ್ಯಾಂಕಿನ ವಶಕ್ಕೆ ಒಪ್ಪಿಸಿ ತಂದ ಸಾಲವೂ ಇದರಲ್ಲೇ ಸೇರುತ್ತದೆ. ಎರಡು, ಅಡಮಾನವಿಲ್ಲದ ಸಾಲ: ಪ್ರೋನೋಟು, ಕೈಸಾಲ, ಅಂಗಡಿ ಬಾಕಿ, ಮಂಡಿಯ ಮುಂಗಡ. ಮೂರು, ಇನ್ನೊಬ್ಬರಿಗೆ ನೀವು ಕೊಟ್ಟ ಜಾಮೀನು ಮತ್ತು ನಿಮಗೆ ಇನ್ನೊಬ್ಬರು ಕೊಟ್ಟ ಜಾಮೀನು.

ಈ ವಿಂಗಡಣೆ ಏಕೆಂದರೆ, ಕಾನೂನು ಮೂರನ್ನೂ ಒಂದೇ ರೀತಿ ನೋಡುವುದಿಲ್ಲ. ಅಡಮಾನದಾರನು ಆ ಆಸ್ತಿಯಿಂದಲೇ ತನ್ನ ಹಣ ವಸೂಲು ಮಾಡಬಲ್ಲನು. ಅಡಮಾನವಿಲ್ಲದವನು ದಾವಾ ಹೂಡಿ ಡಿಕ್ರಿ ಪಡೆಯಬೇಕು. ಜಾಮೀನುದಾರನ ಹೊಣೆಯಂತೂ, 1872ರ ಕರಾರು ಕಾಯಿದೆಯ 128ನೇ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ ಸಾಲಗಾರನ ಹೊಣೆಯಷ್ಟೇ. ಸಾಲಗಾರನನ್ನು ಬಿಟ್ಟು ನೇರವಾಗಿ ಜಾಮೀನುದಾರನ ಮೇಲೆ ಹೋಗಲೂ ಅವಕಾಶವುಂಟು.

ಜಪ್ತಿಗೆ ಸಿಗದ ವಸ್ತುಗಳು

ಡಿಕ್ರಿಯಾದ ಮಾತ್ರಕ್ಕೆ ಮನೆಯ ಪಾತ್ರೆಪಗಡ ಹೊರಕ್ಕೆ ಎಸೆಯುವಂತಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಉಡುಪು, ಅಡಿಗೆ ಪಾತ್ರೆ, ಹಾಸಿಗೆ, ಧರ್ಮಾಚಾರದಂತೆ ಹೆಂಗಸರು ಮೈಮೇಲಿಂದ ತೆಗೆಯಬಾರದ ಒಡವೆ, ಮತ್ತು ಬೇಸಾಯಗಾರನ ಜೀವನೋಪಾಯಕ್ಕೆ ಅಗತ್ಯವಾದ ಸಲಕರಣೆ, ದನ, ಬಿತ್ತನೆ ಬೀಜ ಇವು ಜಪ್ತಿಗೆ ಒಳಪಡುವುದಿಲ್ಲ. ಬೇಸಾಯಗಾರನು ವಾಸವಾಗಿರುವ ಸ್ವಂತ ಮನೆಗೂ, ಅದಕ್ಕೆ ಹೊಂದಿದ ಹಿತ್ತಲು ಅಂಗಳಕ್ಕೂ ಈ ರಕ್ಷಣೆ ಇದೆ. ತೋಟದ ಜಮೀನಿಗೆ ಇಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಬೆಳೆಗಾರರಿಗೆ ಮೂರು ಎಕರೆ ತೋಟ, ಅದರಲ್ಲೇ ವಾಸದ ಮನೆ. ಮಗನಿಗೆ ಬೆಂಗಳೂರಿನಲ್ಲಿ ಕೆಲಸವಾದಾಗ ಮಾಗಡಿ ರಸ್ತೆಯ ಕಡೆ ಹೇರೋಹಳ್ಳಿಯಲ್ಲಿ ತಂದೆಯ ಹೆಸರಿನಲ್ಲೇ ನಿವೇಶನ ಕೊಂಡು ಸಣ್ಣ ಮನೆ ಕಟ್ಟಿದರು. ಈಗ ಅದು ಬಾಡಿಗೆಗಿದೆ. ಮಂಡಿಯ ಸಾಲಕ್ಕೆ ಡಿಕ್ರಿಯಾಯಿತು ಎನ್ನಿ. ಊರಿನ ವಾಸದ ಮನೆ ಉಳಿಯುತ್ತದೆ. ಹೇರೋಹಳ್ಳಿಯ ಮನೆಯನ್ನು ಜಪ್ತಿ ಮಾಡಬಹುದು, ಏಕೆಂದರೆ ಅವರು ಅಲ್ಲಿ ವಾಸವಿಲ್ಲ. ಊರಿನ ಮನೆಯನ್ನೇ ಅಡಮಾನ ಬರೆದುಕೊಟ್ಟಿದ್ದರೆ, ಆ ಅಡಮಾನ ಸಾಲದ ಮಟ್ಟಿಗೆ ಆ ಮನೆಗೂ ರಕ್ಷಣೆಯಿಲ್ಲ. ಇಂಥವರು ಮಾಡಬೇಕಾದ್ದು ಸ್ಪಷ್ಟ: ಡಿಕ್ರಿಯಾಗುವ ಮೊದಲೇ ಪಟ್ಟಣದ ಮನೆಯನ್ನು ನಾಲ್ಕು ಜನ ಕೇಳುವಂತೆ ನ್ಯಾಯವಾದ ಬೆಲೆಗೆ ಮಾರಿ ಸಾಲ ತೀರಿಸಿಕೊಂಡರೆ ತೋಟ ಉಳಿದೀತು. ಹರಾಜಿನಲ್ಲಿ ಆ ಬೆಲೆ ಹುಟ್ಟುವುದು ಕಷ್ಟ.

ಜೈಲಿನ ಬೆದರಿಕೆಗೂ ಹೆದರಬೇಕಿಲ್ಲ. ಶಕ್ತಿಯಿಲ್ಲದೆ ಸಾಲ ಕೊಡಲಾಗದವನನ್ನು ಆ ಒಂದೇ ಕಾರಣಕ್ಕೆ ಸೆರೆಯಲ್ಲಿಡಲಾಗದು, ಕೊಡುವ ಶಕ್ತಿಯಿದ್ದೂ ದುರುದ್ದೇಶದಿಂದ ತಪ್ಪಿಸಿಕೊಂಡಿರಬೇಕು ಎಂದು ಸುಪ್ರೀಂ ಕೋರ್ಟು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ಹೇಳಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಆದರೆ ಚೆಕ್ಕಿನ ವಿಷಯ ಬೇರೆ. ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂದಿರುಗಿ, ನೋಟೀಸು ತಲುಪಿದ 15 ದಿನಗಳಲ್ಲಿ ಹಣ ಕೊಡದಿದ್ದರೆ ಅದು ಅಪರಾಧವಾಗುತ್ತದೆ. ಬರೀ ಸಹಿ ಹಾಕಿದ ಖಾಲಿ ಚೆಕ್ಕನ್ನು ಯಾರಿಗೂ ಕೊಡಬೇಡಿ.

ದಿವಾಳಿ ಅರ್ಜಿ

2016ರ ದಿವಾಳಿ ಸಂಹಿತೆಯ ಬಗ್ಗೆ ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದಿದೆ, ನಮ್ಮಂಥವರಿಗೆ ಬಂದಿಲ್ಲ. ಆದುದರಿಂದ ಬೆಳೆಗಾರರಿಗೆ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆ.

ಸಾಲ 500 ರೂಪಾಯಿಗೆ ಕಡಿಮೆಯಿಲ್ಲದೆ, ಅದನ್ನು ತೀರಿಸಲು ಶಕ್ತಿಯಿಲ್ಲದವನು ಈ ಕಾಯಿದೆಯಂತೆ ಅರ್ಜಿ ಹಾಕಬಹುದು. ಅರ್ಜಿಯಲ್ಲಿ ಎಲ್ಲ ಸಾಲಗಳನ್ನೂ ಎಲ್ಲ ಆಸ್ತಿಯನ್ನೂ ತೋರಿಸಬೇಕು. ನ್ಯಾಯಾಲಯವು ದಿವಾಳಿ ಎಂದು ಘೋಷಿಸಿದರೆ, ಜಪ್ತಿಗೆ ಸಿಗದ ವಸ್ತುಗಳನ್ನು ಬಿಟ್ಟು ಉಳಿದ ಆಸ್ತಿಯೆಲ್ಲ ನ್ಯಾಯಾಲಯದ ಅಥವಾ ರಿಸೀವರರ ವಶವಾಗಿ, ಮಾರಿದ ಹಣ ಸಾಲಿಗರಿಗೆ ಹಂಚಿಕೆಯಾಗುತ್ತದೆ. ಕೊನೆಗೆ ಬಿಡುಗಡೆಯ ಆಜ್ಞೆ ದೊರೆತರೆ ಉಳಿದ ಸಾಲದಿಂದ ಮುಕ್ತಿ.

ಇದರ ಮಿತಿಗಳನ್ನು ತಿಳಿಯದೆ ಅರ್ಜಿ ಹಾಕಬಾರದು. ಅಡಮಾನದಾರನ ಹಕ್ಕಿಗೆ ದಿವಾಳಿಯಿಂದ ಧಕ್ಕೆಯಿಲ್ಲ. ಸರ್ಕಾರದ ಬಾಕಿಯೂ ಮೋಸದಿಂದ ಮಾಡಿದ ಸಾಲವೂ ಬಿಡುಗಡೆಯಾಗುವುದಿಲ್ಲ. ನಿಮಗೆ ಬಿಡುಗಡೆ ದೊರೆತರೂ ನಿಮ್ಮ ಜಾಮೀನುದಾರನಿಗೆ ದೊರೆಯುವುದಿಲ್ಲ. ನಂಬಿ ಸಹಿ ಹಾಕಿದ ಪಕ್ಕದ ತೋಟದವರ ಕೊರಳಿಗೆ ಆ ಸಾಲ ಬೀಳುತ್ತದೆ. ಅರ್ಜಿಗೆ ಮೊದಲು ಅವರೊಡನೆ ಕೂತು ಮಾತಾಡುವುದು ನ್ಯಾಯ.

“ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿಬಿಡಿ” ಎಂದು ಸಲಹೆ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಹಾಗೆ ಪ್ರತಿಫಲವಿಲ್ಲದೆ ವರ್ಗಾಯಿಸಿದ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಿದ್ದರೆ ಆ ವರ್ಗಾವಣೆಯನ್ನು ನ್ಯಾಯಾಲಯ ರದ್ದು ಮಾಡಬಹುದು. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಒಬ್ಬ ಸಾಲಿಗನಿಗೆ ಮಾತ್ರ ಪಕ್ಷಪಾತದಿಂದ ಕೊಟ್ಟದ್ದೂ ನಿಲ್ಲುವುದಿಲ್ಲ. ಆಸ್ತಿ ಬಚ್ಚಿಟ್ಟರೆ ಶಿಕ್ಷೆಯೂ ಉಂಟು.

ಬ್ಯಾಂಕಿನ ನೋಟೀಸು

ಅಡಮಾನ ಸಾಲ ಸುಸ್ತಿಯಾದರೆ ಬ್ಯಾಂಕು 2002ರ ಸರ್ಫೇಸಿ ಕಾಯಿದೆಯಂತೆ 60 ದಿನಗಳ ನೋಟೀಸು ಕೊಡುತ್ತದೆ. ರಿಜಿಸ್ಟರ್ ಅಂಚೆಯನ್ನು ಹಿಂದಕ್ಕೆ ಕಳಿಸಿದರೆ ಗಡುವು ನಿಲ್ಲುವುದಿಲ್ಲ. ಲಿಖಿತ ಆಕ್ಷೇಪಣೆ ಕೊಡಿ. ಬ್ಯಾಂಕು 15 ದಿನಗಳಲ್ಲಿ ಉತ್ತರಿಸಬೇಕು. ಸ್ವಾಧೀನಕ್ಕೆ ಕ್ರಮ ಕೈಗೊಂಡರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಈ ಕಾಯಿದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲವೆಂದು ಅದರ 31ನೇ ಕಲಮಿನಲ್ಲೇ ಇದೆ. ಆದರೆ ಕಾಫಿ ತೋಟ ಕೃಷಿ ಜಮೀನು ಹೌದೋ ಅಲ್ಲವೋ ಎಂಬ ವಾದ ಎದ್ದಿರುವುದರಿಂದ ಸುಮ್ಮನೆ ಕೂರುವಂತಿಲ್ಲ. ಕಂದಾಯ ದಾಖಲೆಯೊಂದೇ ಸಾಲದು, ಜಮೀನಿನ ಉಪಯೋಗವನ್ನೂ ನೋಡಬೇಕೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಪಹಣಿಯ ಜೊತೆಗೆ ಗೊಬ್ಬರದ ರಸೀದಿ, ಕೂಲಿ ಪಟ್ಟಿ, ಫಸಲು ಮಾರಿದ ಚೀಟಿ ಇವನ್ನೂ ಜೋಪಾನ ಮಾಡಿ.

ಒಪ್ಪಂದದ ದಾರಿ

ನ್ಯಾಯಾಲಯಕ್ಕಿಂತ ಮೊದಲು ಮಾತುಕತೆ. ಕಂತು ತಪ್ಪುವ ಸೂಚನೆ ಕಂಡಾಗಲೇ ಸಂಘಕ್ಕೆ ಅಥವಾ ಬ್ಯಾಂಕಿಗೆ ಬರೆದು ಗಡುವು ವಿಸ್ತರಣೆ ಕೇಳಿ, ಸ್ವೀಕೃತಿ ಪಡೆಯಿರಿ. ಬೆಳೆ ನಷ್ಟವಾಗಿದ್ದರೆ ಅದರ ದಾಖಲೆ ಲಗತ್ತಿಸಿ. ಒಂದೇ ಸಲ ಇಂತಿಷ್ಟು ಕಟ್ಟಿ ತೀರುವಳಿ ಮಾಡಿಕೊಳ್ಳುವ ಒಪ್ಪಂದವಾದರೆ ಅದು ಬರವಣಿಗೆಯಲ್ಲಿರಲಿ. ಬಾಕಿಯಿಲ್ಲವೆಂಬ ಪತ್ರವನ್ನೂ ಹಕ್ಕುಪತ್ರಗಳನ್ನೂ ಕೈಗೆ ತೆಗೆದುಕೊಳ್ಳಿ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲಿಲ್ಲ. ಆದ್ದರಿಂದ ಕಟ್ಟಲು ಸಾಧ್ಯವಾಗುವಷ್ಟಕ್ಕೇ ಒಪ್ಪಿಕೊಳ್ಳಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಕಡಿಮೆ ವರಮಾನದವರಿಗೂ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ.

ಬ್ಯಾಂಕಿನ ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರನಿಗೆ ಫೋನು ಮಾಡಿ ಪೀಡಿಸಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಆಜ್ಞಾಪಿಸಿದೆ. ಬೆದರಿಕೆ, ಬೈಗುಳ ಬಂದರೆ ದಿನ, ವೇಳೆ ಬರೆದಿಟ್ಟು ದೂರು ಕೊಡಿ. ಮನೆಯವರಿಂದ ಮಾತ್ರ ಏನನ್ನೂ ಮುಚ್ಚಿಡಬೇಡಿ. ತಂದೆಯ ಸಾಲಕ್ಕೆ ಮಕ್ಕಳು ಜಾಮೀನು ನಿಂತಿರದಿದ್ದರೆ, ಅವರ ಹೊಣೆ ತಂದೆಯಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಮಕ್ಕಳ ಬದುಕು ಮುಗಿಯಿತೆಂದು ಎದೆಗುಂದುವುದಕ್ಕೆ ಕಾರಣವಿಲ್ಲ.

ಸದಸ್ಯರು ಮೇಲೆ ಹೇಳಿದ ಮೂರು ಭಾಗದ ಪಟ್ಟಿಯನ್ನು ಈ ವಾರವೇ ಬರೆದು, ಬಂದಿರುವ ನೋಟೀಸುಗಳನ್ನು ತಾರೀಖಿನಂತೆ ಜೋಡಿಸಿಕೊಂಡು, ಸಂಘದ ಕಾರ್ಯದರ್ಶಿಯವರನ್ನೋ ವಕೀಲರನ್ನೋ ಕಾಣುವುದು ಒಳ್ಳೆಯದು.