ಬಾಗಿಲಲ್ಲೇ ಕೊಕ್ಕೆ

2021ರ ಮಾರ್ಚ್ 28, ಭಾನುವಾರ. ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯ ಮೂಲ ಪ್ರತಿಗೆ ಒಂದು ಪುಟ್ಟ ತಿದ್ದುಪಡಿ ಬಂದು ಸೇರಿತು. ತಿದ್ದಿದವರ ಹೆಸರು ರಾಸ್ಮಸ್ ಲೆರ್ಡಾರ್ಫ್. ಆ ಭಾಷೆಯನ್ನು ಹುಟ್ಟುಹಾಕಿದವರೇ ಅವರು. ಜೊತೆಗಿದ್ದ ಟಿಪ್ಪಣಿಯ ಪ್ರಕಾರ ಅದು ಬರೀ ಅಕ್ಷರದೋಷದ ತಿದ್ದುಪಡಿ. ಮನೆಯ ಯಜಮಾನನೇ ಬಾಗಿಲ ಮೇಲಿನ ಹೆಸರಿನ ಕಾಗುಣಿತ ಸರಿಪಡಿಸಿದರೆ ಯಾರು ತಾನೇ ಪ್ರಶ್ನಿಸುತ್ತಾರೆ?

ಆದರೆ ಸಾಲುಗಳನ್ನು ಓದಿದವರು ಬೆಚ್ಚಿದರು. ಅದು ಅಕ್ಷರದೋಷವಲ್ಲ, ಕಳ್ಳಗಿಂಡಿ. ಆ ಸಾಲುಗಳಿರುವ ಪಿಎಚ್‌ಪಿ ಯಾವ ಸರ್ವರ್‌ನಲ್ಲಿ ಓಡಿದರೂ, ಗುಟ್ಟಿನ ಪದವೊಂದನ್ನು ಕಳಿಸಿದವನು ಅಲ್ಲಿ ತನಗೆ ಬೇಕಾದ ಆಜ್ಞೆ ನಡೆಸಬಹುದಿತ್ತು. ತಂಡ ಅದನ್ನು ಕಿತ್ತುಹಾಕಿತು. ಅದೇ ಸಾಲುಗಳು ಮತ್ತೆ ಬಂದವು, ಈ ಸಲ ನಿಕಿತಾ ಪೊಪೊವ್ ಎಂಬ ಇನ್ನೊಬ್ಬ ಪ್ರಮುಖರ ಹೆಸರಿನಲ್ಲಿ. ಇಬ್ಬರಲ್ಲಿ ಯಾರೂ ಅದನ್ನು ಬರೆದಿರಲಿಲ್ಲ. ಜಗತ್ತಿನ ಬಹುಪಾಲು ಜಾಲತಾಣಗಳು ಪಿಎಚ್‌ಪಿಯನ್ನು ನೆಚ್ಚಿಕೊಂಡಿವೆ. ಕೆಲವೇ ಗಂಟೆಗಳಲ್ಲಿ ಸಿಕ್ಕಿಬಿದ್ದದ್ದರಿಂದ ಆ ವಿಷ ಬಳಕೆದಾರರ ತನಕ ಹೋಗಲಿಲ್ಲ.

ಹತ್ತಾರು ಜನ ಸೇರಿ ಬರೆಯುವ ಪ್ರೋಗ್ರಾಂಗೆ ಒಂದು ಭಂಡಾರ ಇರುತ್ತದೆ. ಯಾವ ಸಾಲನ್ನು ಯಾರು, ಯಾವಾಗ, ಏಕೆ ಬದಲಿಸಿದರು ಎಂಬುದೆಲ್ಲ ಅಲ್ಲಿ ದಾಖಲು. ಇದೇ ಆವೃತ್ತಿ ನಿಯಂತ್ರಣ. ಇಂದು ಹೆಚ್ಚು ಬಳಕೆಯಲ್ಲಿರುವ ಗಿಟ್ ಎಂಬ ವ್ಯವಸ್ಥೆಯನ್ನು 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದರು. ಇದರಲ್ಲಿ ಪ್ರತಿಯೊಬ್ಬರ ಬಳಿಯೂ ಪೂರ್ತಿ ಪ್ರತಿ ಇರುತ್ತದೆ. ತಮ್ಮ ಬದಲಾವಣೆಯನ್ನು ಗುರುತುಹಾಕಿ ಉಳಿಸಿಕೊಳ್ಳುವುದು ಕಮಿಟ್; ಅದನ್ನು ಎಲ್ಲರಿಗೂ ಸೇರಿದ ಸರ್ವರ್‌ಗೆ ತಳ್ಳುವುದು ಪುಷ್. ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಪ್ರಾಜೆಕ್ಟ್‌ನ ಹಿಂದಿನ ರಾತ್ರಿ "ಯಾರೋ ನನ್ನ ಕೋಡ್ ಅಳಿಸಿಬಿಟ್ಟಿದ್ದಾರೆ" ಎಂದು ಕಂಗಾಲಾದರೆ, ತಂದೆ ತಾಯಿ ತಿಳಿಯಬೇಕಾದದ್ದು ಇಷ್ಟೇ: ಜೊತೆಯವರೊಬ್ಬರು ನೋಡದೆ ಪುಷ್ ಮಾಡಿದ್ದಾರೆ.

ಗಿಟ್‌ನ ಒಂದು ಸಂಗತಿ ಅನೇಕರಿಗೆ ಅಚ್ಚರಿ ತರುತ್ತದೆ. ಕಮಿಟ್‌ನಲ್ಲಿ ಬರೆಯುವ ಹೆಸರು ಯಾರದ್ದಾದರೂ ಆಗಬಹುದು. ಲಕೋಟೆಯ ಹಿಂಬದಿಯಲ್ಲಿ 'ಇಂದ' ಎಂದು ಯಾರ ವಿಳಾಸ ಬರೆದರೂ ಅಂಚೆಯವರು ಕೇಳುವುದಿಲ್ಲವಲ್ಲ, ಹಾಗೆ. ಕೇಳುವವರೊಬ್ಬರು ಬೇಕೆಂದರೆ ನಾವೇ ನಿಲ್ಲಿಸಬೇಕು. ಆ ಕಾವಲಿನವನ ಹೆಸರು ಹುಕ್.

ಹುಕ್ ಎಂದರೆ ಕೊಕ್ಕೆ. ಕಚೇರಿಯಲ್ಲಿ ಕಡತ ಮುಂದೆ ಹೋಗದಂತೆ ಮಾಡುವವರನ್ನು ನಾವು 'ಕೊಕ್ಕೆ ಹಾಕಿದರು' ಎಂದು ಬೈಯುತ್ತೇವೆ. ಇಲ್ಲಿ ಅದು ಬೈಗುಳವಲ್ಲ, ಕೆಲಸವೇ ಅದು. ಭಂಡಾರದೊಳಗೆ 'ಹುಕ್ಸ್' ಎಂಬ ಫೋಲ್ಡರ್ ಇರುತ್ತದೆ. ಅದರಲ್ಲಿ ಗೊತ್ತಾದ ಹೆಸರಿನ ಒಂದು ಪುಟ್ಟ ಪ್ರೋಗ್ರಾಂ ಇಟ್ಟರೆ, ಗೊತ್ತಾದ ಘಳಿಗೆಯಲ್ಲಿ ಗಿಟ್ ತಾನಾಗಿಯೇ ಅದನ್ನು ಓಡಿಸುತ್ತದೆ.

ಸರ್ವರ್‌ನಲ್ಲಿ ಮುಖ್ಯವಾದವು ಮೂರು. 'ಪ್ರಿ-ರಿಸೀವ್' ಪುಷ್ ಬಂದ ಕೂಡಲೇ, ಏನನ್ನೂ ಒಪ್ಪಿಕೊಳ್ಳುವ ಮೊದಲು ಓಡುತ್ತದೆ. ಬೇಡವೆಂದರೆ ಬಂದದ್ದೆಲ್ಲವೂ ವಾಪಸ್. 'ಅಪ್‌ಡೇಟ್' ಒಂದೊಂದು ಶಾಖೆಗೂ ಪ್ರತ್ಯೇಕವಾಗಿ ಓಡುವುದರಿಂದ ಒಂದನ್ನು ತಡೆದು ಇನ್ನೊಂದನ್ನು ಬಿಡಬಹುದು. 'ಪೋಸ್ಟ್-ರಿಸೀವ್' ಎಲ್ಲ ಮುಗಿದ ಮೇಲೆ. ಅದು ತಂಡಕ್ಕೆ ಇ-ಮೇಲ್ ಕಳಿಸಬಹುದೇ ಹೊರತು ತಡೆಯಲಾರದು.

ಪ್ರಿ-ರಿಸೀವ್‌ಗೆ ಗಿಟ್ ಕೊಡುವ ಮಾಹಿತಿ ತೀರ ಚಿಕ್ಕದು. ಪ್ರತಿ ಶಾಖೆಗೆ ಒಂದು ಸಾಲು, ಸಾಲಿಗೆ ಮೂರು ಪದ: ಹಳೆಯ ಗುರುತು, ಹೊಸ ಗುರುತು, ಶಾಖೆಯ ಹೆಸರು. ಗುರುತು ಎಂದರೆ ಸಾಮಾನ್ಯವಾಗಿ 40 ಅಕ್ಷರಗಳ ಹೆಕ್ಸಾಡೆಸಿಮಲ್ ಸಂಖ್ಯೆ. ಹೊಸ ಗುರುತಿನ ಜಾಗದಲ್ಲಿ 40 ಸೊನ್ನೆಗಳಿದ್ದರೆ, ಯಾರೋ ಆ ಶಾಖೆಯನ್ನೇ ಅಳಿಸಲು ಹೊರಟಿದ್ದಾರೆ ಎಂದರ್ಥ. ಹಳೆಯದರ ಜಾಗದಲ್ಲಿ ಸೊನ್ನೆಗಳಿದ್ದರೆ ಶಾಖೆ ಹೊಸದಾಗಿ ಹುಟ್ಟುತ್ತಿದೆ. ಇವುಗಳ ಆಧಾರದ ಮೇಲೆ ಹುಕ್ ಬಂದ ಕಮಿಟ್‌ಗಳನ್ನು ತೆರೆದು ನೋಡಬಹುದು: ಟಿಪ್ಪಣಿ ಬರೆದಿದ್ದಾರೆಯೇ, ಕಡತ ಅತಿ ದೊಡ್ಡದಾಗಿದೆಯೇ, ಬರೆದ ಹೆಸರಿಗೂ ಒಳಬಂದವರ ಹೆಸರಿಗೂ ತಾಳೆಯಿದೆಯೇ, ಯಾರಾದರೂ ಮೈಮರೆತು ಪಾಸ್‌ವರ್ಡನ್ನೇ ಕೋಡ್‌ನಲ್ಲಿ ಬಿಟ್ಟಿದ್ದಾರೆಯೇ.

ಕೊನೆಯಲ್ಲಿ ಹುಕ್ ಒಂದು ಅಂಕಿ ಹೇಳಿ ಹೊರಡುತ್ತದೆ. ಸೊನ್ನೆಯಾದರೆ ಒಪ್ಪಿಗೆ, ಬೇರೆ ಯಾವುದಾದರೂ ತಿರಸ್ಕಾರ. ಸೊನ್ನೆ ತೆಗೆದವರು ಪಾಸಾಗುವ ಪರೀಕ್ಷೆ ಇದೊಂದೇ ಇರಬೇಕು! ಕಾರಣ ಸರಳ. ಕೆಲಸ ಸರಿಯಾಗುವ ಬಗೆ ಒಂದೇ, ಕೆಡುವ ಬಗೆ ಹಲವು. ಉಳಿದ ಅಂಕಿಗಳೆಲ್ಲ ಕೆಟ್ಟದ್ದರ ಬಗೆ ಹೇಳಲು ಮೀಸಲು.

ಹುಕ್‌ಗಳನ್ನು ಬರೆಯುವವರ ಕಂಪ್ಯೂಟರ್‌ನಲ್ಲೂ ಇಡಬಹುದು. ಆದರೆ ಭಂಡಾರದ ಪ್ರತಿ ತೆಗೆದುಕೊಳ್ಳುವಾಗ ಹುಕ್‌ಗಳು ಜೊತೆಗೆ ಬರುವುದಿಲ್ಲ. ಇಟ್ಟುಕೊಂಡವರೂ 'ಪರೀಕ್ಷಿಸಬೇಡ' ಎಂಬ ಒಂದು ಸೂಚನೆಯಿಂದ ಅವುಗಳಲ್ಲಿ ಕೆಲವನ್ನು ದಾಟಿಹೋಗಬಹುದು. ಮನೆಯಲ್ಲಿ ತಾವೇ ಉತ್ತರ ನೋಡಿ ತಿದ್ದಿಕೊಳ್ಳುವ ಅಭ್ಯಾಸದಂತೆ ಅದು: ಒಳ್ಳೆಯದೇ, ಆದರೆ ಅಂಕಪಟ್ಟಿಗೆ ಸೇರುವುದಿಲ್ಲ. ಯಾರೂ ತಪ್ಪಿಸಲಾಗದ ತಪಾಸಣೆ ಸರ್ವರ್‌ನಲ್ಲೇ ಆಗಬೇಕು.

ಹಾಗಾದರೆ ಪಿಎಚ್‌ಪಿ ತಂಡದವರು ಮರೆತದ್ದೇನು? ಅವರು ಕಾವಲಿಲ್ಲದೆ ಕೂತಿರಲಿಲ್ಲ. ಗಿಟೊಲೈಟ್ ಎಂಬ ವ್ಯವಸ್ಥೆ ಬಳಸುತ್ತಿದ್ದರು. ಅದನ್ನು ರೂಪಿಸಿದವರು ನಮ್ಮ ದೇಶದವರೇ ಆದ ಸೀತಾರಾಂ ಚಾಮರ್ತಿ. ಲಿನಕ್ಸ್ ಮೂಲ ಪ್ರತಿಯ ಸರ್ವರ್‌ಗೆ 2011ರಲ್ಲಿ ಕನ್ನ ಬಿದ್ದ ಮೇಲೆ ಅಲ್ಲಿನವರೂ ಇದನ್ನೇ ಅಳವಡಿಸಿಕೊಂಡರು. ಯಾರು ಯಾವ ಶಾಖೆಗೆ ಬರೆಯಬಹುದೆಂಬುದನ್ನು ಗಿಟೊಲೈಟ್ ಪರೀಕ್ಷಿಸುವುದು 'ಅಪ್‌ಡೇಟ್' ಹುಕ್‌ನಿಂದಲೇ. ತೊಂದರೆ ಇದ್ದದ್ದು ಬೇರೆ ಕಡೆ. ಪಿಎಚ್‌ಪಿಯ ಸರ್ವರ್‌ಗೆ ಎರಡು ಬಾಗಿಲಿದ್ದವು. ಗಿಟೊಲೈಟ್ ಇದ್ದ ಬಾಗಿಲಲ್ಲಿ ಗುಪ್ತಲಿಪಿಯ ಕೀಲಿ ಬೇಕಿತ್ತು. ಇನ್ನೊಂದರಲ್ಲಿ ಹೆಸರು, ಪಾಸ್‌ವರ್ಡ್ ಹೇಳಿದರೆ ಸಾಕಿತ್ತು. ಬಂದವನು ಬಳಕೆದಾರರ ಹೆಸರನ್ನು ಒಂದೆರಡು ಸಲ ತಪ್ಪಾಗಿ ಊಹಿಸಿದ. ಸರಿಯಾದ ಹೆಸರು ಸಿಕ್ಕ ಕೂಡಲೇ ಒಳಗೆ ಬಂದ. ಖಚಿತ ಪುರಾವೆ ಇಲ್ಲದಿದ್ದರೂ, ಪಾಸ್‌ವರ್ಡ್‌ಗಳ ಪಟ್ಟಿ ಮೊದಲೇ ಸೋರಿರಬಹುದೆಂದು ತಂಡ ಶಂಕಿಸಿತು. ಬಾಗಿಲೇ 'ಇವರು ರಾಸ್ಮಸ್' ಎಂದು ಹೇಳಿ ಒಳಬಿಟ್ಟ ಮೇಲೆ, ಹೆಸರು ತಾಳೆ ನೋಡುವ ಹುಕ್ ಇದ್ದಿದ್ದರೂ ಸೊನ್ನೆಯನ್ನೇ ಹೇಳುತ್ತಿತ್ತು. ಹಿಡಿದದ್ದು ಸಾಲು ಸಾಲಾಗಿ ಓದಿದ ಮನುಷ್ಯರ ಕಣ್ಣು.

ಆ ಬಳಿಕ ತಂಡ ಎಲ್ಲರ ಪಾಸ್‌ವರ್ಡ್ ಬದಲಿಸಿ, ಸ್ವಂತ ಸರ್ವರ್ ಬಿಟ್ಟು ಗಿಟ್‌ಹಬ್‌ಗೆ ಸ್ಥಳಾಂತರವಾಯಿತು. ಗಿಟ್‌ಹಬ್‌ನ ಸಾರ್ವಜನಿಕ ತಾಣದಲ್ಲಿ ಶಾಖೆಗಳನ್ನು ಕಾಯಲು ಅವರದ್ದೇ ಸೌಲಭ್ಯಗಳಿವೆ. ನಾವು ಬರೆದ ಹುಕ್ ಅಲ್ಲಿ ಇಡಲಾಗುವುದಿಲ್ಲ.

ಆದರೆ ಇದನ್ನು ಕಲಿಯಲು ದೊಡ್ಡ ಸರ್ವರ್ ಬೇಕಿಲ್ಲ. ಲಿನಕ್ಸ್ ಇರುವ ಒಂದೇ ಕಂಪ್ಯೂಟರ್ ಸಾಕು. ಒಂದು ಫೋಲ್ಡರ್‌ನಲ್ಲಿ 'ಬೇರ್' ಮಾದರಿಯ ಭಂಡಾರ ಮಾಡಿ. ಅದೇ ನಿಮ್ಮ ಸರ್ವರ್. ಇನ್ನೊಂದು ಫೋಲ್ಡರ್‌ಗೆ ಅದರ ಪ್ರತಿ ತೆಗೆಯಿರಿ. ಹುಕ್ಸ್ ಫೋಲ್ಡರ್‌ನಲ್ಲಿ ಮಾದರಿಗಳು ಮೊದಲೇ ಇರುತ್ತವೆ, ಹೆಸರಿನ ಕೊನೆಯಲ್ಲಿ 'ಸ್ಯಾಂಪಲ್' ಇರುವುದರಿಂದ ಅವು ನಿದ್ದೆಯಲ್ಲಿರುತ್ತವೆ. ನಿಮ್ಮ ಕಡತಕ್ಕೆ ಬರೀ 'ಪ್ರಿ-ರಿಸೀವ್' ಎಂದು ಹೆಸರಿಡಿ, ಬಾಲ ಬೇಡ. 40 ಸೊನ್ನೆ ಕಂಡರೆ 'ಶಾಖೆ ಅಳಿಸುವಂತಿಲ್ಲ' ಎಂದು ಬರೆದು 1 ಎಂದು ಹೇಳಿ ಹೊರಡುವ ಐದಾರು ಸಾಲು ಸಾಕು. ಕಡತಕ್ಕೆ ಓಡುವ ಅನುಮತಿ ಕೊಡಲು ಮರೆಯಬೇಡಿ. ಮರೆತರೆ ಗಿಟ್ ಅದನ್ನು ಓಡಿಸುವುದೇ ಇಲ್ಲ, ಪುಷ್ ಮಾತ್ರ ನಿರಾತಂಕವಾಗಿ ಒಳಗೆ ಹೋಗುತ್ತದೆ. ಆಮೇಲೆ ಬೇಕೆಂದೇ ಒಂದು ಶಾಖೆಯನ್ನು ಅಳಿಸಲು ನೋಡಿ. 'ರಿಮೋಟ್' ಎಂಬ ಪದದ ಮುಂದೆ ನೀವೇ ಬರೆದ ಮಾತು ಪರದೆಯ ಮೇಲೆ ಬರುತ್ತದೆ, ಶಾಖೆ ಇದ್ದಲ್ಲೇ ಇರುತ್ತದೆ.