ಊರ ಹಗೇವು ಯಾರದು?

ಜನವರಿ, ಫೆಬ್ರುವರಿಯಲ್ಲಿ ಬ್ಯಾಡಗಿ ಪೇಟೆಗೆ ಹೋಗಿ ನೋಡ್ರಿ. ಎತ್ತ ನೋಡಿದರೂ ಕೆಂಪು. ಮೆಣಸಿನಕಾಯಿ ಚೀಲಗಳು ಗುಡ್ಡದ ಹಾಗೆ ಬಿದ್ದಿರುತ್ತವೆ. ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದಿಂದಲೂ ಲಾರಿ ಬರುತ್ತವೆ. ರಾಣೆಬೆನ್ನೂರಿನಲ್ಲಿ ಹತ್ತಿ, ಗೋವಿನಜೋಳ, ಬಿತ್ತನೆ ಬೀಜದ ವ್ಯಾಪಾರ. ಹಾವೇರಿ ಸುತ್ತಲ ಹೊಲಗಳಲ್ಲಿ ಕಣ್ಣು ಹಾಯುವತನಕ ಗೋವಿನಜೋಳ.

ಇಷ್ಟು ಮಾಲು ಬೆಳೆಯುವ, ಮಾರುವ ಊರುಗಳಲ್ಲಿ ಹಸಿವು ಇದೆಯೇ? ಇದೆ. ಆದರೆ ಅದು ವರ್ಷಪೂರ್ತಿ ಒಂದೇ ಸಮ ಇರೋದಿಲ್ಲ. ಅದಕ್ಕೂ ಒಂದು ಕಾಲ ಇದೆ.

ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಬೇಸಿಗೆ ಮುಗಿದಂತೆ ಕಡಿಮೆ ಆಗುತ್ತದೆ. ಮಾರದೆ ಉಳಿದ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೆ ಹೋಗಿ ತಣ್ಣಗೆ ಕೂರುತ್ತದೆ. ತೊಟ್ಟು ಬಿಡಿಸಿದವಳ ಹೊಟ್ಟೆಯನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡಲು ಬರುತ್ತದೆಯೇ? ಹತ್ತಿ ಬೀಜದ ಹೊಲದಲ್ಲಿ ಹೂವಿನ ಕ್ರಾಸಿಂಗ್ ಕೆಲಸ ಶುರುವಾಗಲು ಇನ್ನೂ ತಡ. ಆಷಾಢ ಬಂತು ಅಂದ್ರೆ ಹಳೇ ಕಾಳು ಮುಗಿದಿರುತ್ತದೆ. ಇದ್ದ ರೊಕ್ಕ ಬೀಜ, ಗೊಬ್ಬರಕ್ಕೆ ಹೋಗಿರುತ್ತದೆ. ಹೊಸ ಬೆಳೆ ಇನ್ನೂ ಮೊಣಕಾಲುದ್ದ. ಚೀಲ ಜಾಡಿಸುವ ತಿಂಗಳು ಅದು.

ಈ ಹಸಿವು ಬೀದಿಗೆ ಬಂದು ಕೂಗೋದಿಲ್ಲ. ರೊಟ್ಟಿ ಹೋಗಿ ನುಚ್ಚು ಬರುತ್ತದೆ. ನುಚ್ಚು ಹೋಗಿ ಗಂಜಿ ಬರುತ್ತದೆ. ಎಲ್ಲರೂ ಉಂಡ ಮೇಲೆ ತಾಯಿ ಗಡಿಗೆ ಕೆರೆಯುತ್ತಾಳೆ. ದೊಡ್ಡ ಮಗಳು ಶಾಲೆ ಬಿಟ್ಟು ಕಳೆ ತೆಗೆಯಲು ಹೋಗುತ್ತಾಳೆ. ಕೇಳಿದರೆ, "ನಮ್ಮದು ಊಟ ಆತ್ರೀ" ಅಂತಾರೆ.

ಇಂಥ ದಿನಗಳಿಗಾಗಿ ಕಾಳು ಕೂಡಿಸಿ ಇಡುವ ಜಾಗಕ್ಕೆ ಆಹಾರ ಬ್ಯಾಂಕು ಅನ್ನುತ್ತಾರೆ. ರೊಕ್ಕದ ಬ್ಯಾಂಕಿನಂತೆಯೇ. ಇದ್ದಾಗ ಇಡು, ಇಲ್ಲದಾಗ ತಗೊ. ಅಮೆರಿಕದ ಫೀನಿಕ್ಸ್ ಎಂಬ ಊರಿನಲ್ಲಿ 1967ರಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬುವರು ಇಂಥದೊಂದು ಶುರು ಮಾಡಿದರು. ಅಂಗಡಿಯವರು ಎಸೆಯುವ, ಆದರೆ ತಿನ್ನಲು ಚಲೋ ಇರುವ ಪದಾರ್ಥ ತಂದು ಹಸಿದವರಿಗೆ ಮುಟ್ಟಿಸುವ ಕೆಲಸ. ಅಷ್ಟು ಶ್ರೀಮಂತ ದೇಶಕ್ಕೂ ಅದು ಬೇಕಾಯಿತು ನೋಡ್ರಿ. ಅಲ್ಲಿಂದ ಅದು ಬೇರೆ ಬೇರೆ ದೇಶಗಳಿಗೆ ಹಬ್ಬಿತು.

ನಮಗೆ ಇದು ಹೊಸದಲ್ಲ. ನಮ್ಮಲ್ಲಿ ಹಗೇವು ಇತ್ತು.

ಹಗೇವು ಅಂದ್ರೆ ನೆಲದೊಳಗಿನ ಕಣಜ. ನೀರು ನಿಲ್ಲದ ಎತ್ತರದ ಜಾಗ ನೋಡಿ ತೋಡುತ್ತಿದ್ದರು. ಬಾಯಿ ಸಣ್ಣದು, ಒಬ್ಬ ಆಳು ಇಳಿಯುವಷ್ಟು. ಒಳಗೆ ಹೊಟ್ಟೆ ಅಗಲ. ತಳಕ್ಕೂ ಸುತ್ತಲೂ ಹುಲ್ಲು, ಹೊಟ್ಟು ಹಾಕಿ, ಒಣಗಿದ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಒಳಗೆ ಗಾಳಿ ಆಡೋದಿಲ್ಲ. ಗಾಳಿ ಇಲ್ಲದೆ ಹುಳ ಬದುಕೋದಿಲ್ಲ. ಹೀಗಾಗಿ ಜೋಳ ಎರಡು ಮೂರು ವರ್ಷ ಕೆಡುತ್ತಿರಲಿಲ್ಲ. ಸ್ವಲ್ಪ ವಾಸನೆ ಬರುತ್ತಿತ್ತು, ಅಷ್ಟೆ. ತೆಗೆದ ಕೂಡಲೇ ಒಳಗೆ ಇಳಿಯಬಾರದು. ಮೊದಲು ದೀಪ ಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯನ ಜೀವವೂ ಆರುತ್ತದೆ. ದುಡುಕಿ ಇಳಿದು ಸತ್ತವರಿದ್ದಾರೆ.

ಬುದ್ಧಿವಂತರ ಕೆಲಸ ಇದು. ಆದರೆ ಒಂದು ಮಾತು ಕೇಳಬೇಕು. ಹಗೇವಿನ ಬಾಯಿ ತೆಗೆಯುವವರು ಯಾರು? ದೊಡ್ಡ ಹಗೇವು ದೊಡ್ಡ ಮನೆಯವರದು. ಬಡವರು ಆಷಾಢದಲ್ಲಿ ಅವರ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದರು. ಸಿಗುತ್ತಿತ್ತು. ಸವಾಯಿ, ದೀಡಿ ಲೆಕ್ಕದಲ್ಲಿ. ಸವಾಯಿ ಅಂದ್ರೆ ಒಂದಕ್ಕೆ ಒಂದೂಕಾಲು. ದೀಡಿ ಅಂದ್ರೆ ಒಂದಕ್ಕೆ ಒಂದೂವರೆ. ನಾಲ್ಕು ಚೀಲ ತಂದವನು ಸುಗ್ಗಿಯಲ್ಲಿ ಆರು ಚೀಲ ಅಳೆಯಬೇಕು. ಮುಂದಿನ ಆಷಾಢಕ್ಕೆ ಅವನ ಮನೆ ಇನ್ನೂ ಬೇಗ ಬರಿದು. ಹಳೇ ಕಾಲದಲ್ಲಿ ಎಲ್ಲಾ ಚಂದ ಇತ್ತು ಅನ್ನುವ ಹಿರಿಯರ ಮಾತನ್ನು ನಾವು ಪೂರಾ ಒಪ್ಪೋದಿಲ್ಲ. 1876ರಿಂದ 1878ರವರೆಗೆ ದೊಡ್ಡ ಬರ ಬಿತ್ತು. ಆಗ ಧಾರವಾಡ ಜಿಲ್ಲೆಯೊಳಗಿದ್ದ ನಮ್ಮ ಕಡೆಗೂ ಅದು ಬಡಿಯಿತು. ಹಗೇವು ಇರುವ ಸೀಮೆಯಲ್ಲೂ ಜನ ಹಸಿವಿನಿಂದ ಸತ್ತರು.

ಈಗ ಹಗೇವುಗಳು ಹೆಚ್ಚಾಗಿ ಮುಚ್ಚಿ ಹೋಗಿವೆ. ತುಂಬಲು ಜೋಳವೇ ಕಡಿಮೆ. ಹೊಲಗಳಿಗೆ ಗೋವಿನಜೋಳ ಬಂತು, ಹತ್ತಿ ಬಂತು. ಗೋವಿನಜೋಳ ಬಹಳಷ್ಟು ಕೋಳಿಯ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಹತ್ತಿ, ಮೆಣಸಿನಕಾಯಿ ಹೊಟ್ಟೆ ತುಂಬಿಸೋದಿಲ್ಲ. ಮಾರಿ, ಬಂದ ರೊಕ್ಕದಲ್ಲಿ ಕಾಳು ಕೊಳ್ಳಬೇಕು. ಧಾರಣೆ ಇದ್ದ ವರ್ಷ ಚಲೋ. ಧಾರಣೆ ಬಿದ್ದರೆ? 2024ರ ಮಾರ್ಚಿನಲ್ಲಿ ಮೆಣಸಿನಕಾಯಿ ದರ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ಗಲಾಟೆಯಾಗಿ ವಾಹನಗಳಿಗೆ ಬೆಂಕಿ ಬಿತ್ತು. ಅದರ ಹಿಂದಿನ ವರ್ಷ, 2023ರಲ್ಲಿ, ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಹೇಳಿತ್ತು.

ಹಾಗಾದರೆ ಇವತ್ತಿನ ಹಗೇವು ಎಲ್ಲಿದೆ? ರೇಷನ್ ಅಂಗಡಿಯಲ್ಲಿದೆ. ಅದನ್ನೇ ನ್ಯಾಯಬೆಲೆ ಅಂಗಡಿ ಅಂತಾರೆ. ಅದರ ಬಾಯಿ ತೆಗೆಯುವ ಹಕ್ಕು ಕಾರ್ಡು ಇದ್ದವರದು. ಇದು ಸುಮ್ಮನೆ ಬಂದದ್ದಲ್ಲ. 2001ರಲ್ಲಿ ರಾಜಸ್ಥಾನದಲ್ಲಿ ಬರ. ಸರ್ಕಾರದ ಗೋದಾಮಿನಲ್ಲಿ ಧಾನ್ಯ ಕೊಳೆಯುತ್ತಿತ್ತು, ಜನ ಹಸಿದಿದ್ದರು. ಪಿಯುಸಿಎಲ್ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಗಿ ಕೇಳಿತು: ಧಾನ್ಯ ಇದ್ದೂ ಮಂದಿ ಯಾಕೆ ಉಪವಾಸ? ಅದೇ ವರ್ಷ ನವೆಂಬರ್ 28ರಂದು, ಶಾಲಾ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕು ಎಂದು ಕೋರ್ಟು ಆದೇಶ ಮಾಡಿತು. ನಮ್ಮ ಮಕ್ಕಳು ಉಣ್ಣುವ ಮಧ್ಯಾಹ್ನದ ಬಿಸಿಯೂಟದ ಹಿಂದೆ ಈ ಆದೇಶ ಇದೆ. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂತು. ಅಲ್ಲಿಂದ ರೇಷನ್ ಧಾನ್ಯ ಯಾರದೋ ದಯೆ ಅಲ್ಲ, ಕಾನೂನಿನ ಪಾಲು.

ನಿಮ್ಮ ಪಾಲು ಎಷ್ಟು? ಅಂತ್ಯೋದಯ ಕಾರ್ಡಿನ ಮನೆಗೆ ತಿಂಗಳಿಗೆ 35 ಕಿಲೋ. ಮನೆಯಲ್ಲಿ ಇಬ್ಬರಿದ್ದರೂ ಅಷ್ಟೇ, ಏಳು ಮಂದಿ ಇದ್ದರೂ ಅಷ್ಟೇ. ಬಿಪಿಎಲ್ ಕಾರ್ಡಿನವರಿಗೆ ಒಬ್ಬರಿಗೆ 5 ಕಿಲೋ. 2023ರ ಜನವರಿಯಿಂದ ಇದಕ್ಕೆ ರೊಕ್ಕ ಕೊಡಬೇಕಿಲ್ಲ. ಇದು ಕೇಂದ್ರದ ಪಾಲು. ರಾಜ್ಯದ ಅನ್ನಭಾಗ್ಯ 2013ರ ಜುಲೈಯಲ್ಲಿ ಶುರುವಾಯಿತು, ಆಗ ಕಿಲೋ ಅಕ್ಕಿಗೆ ಒಂದು ರೂಪಾಯಿ. 2023ರ ಜುಲೈಯಿಂದ ಹೆಚ್ಚಿನ 5 ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಬ್ಯಾಂಕಿಗೆ ಹಾಕಿದರು. 2025ರಲ್ಲಿ ಮತ್ತೆ ಅಕ್ಕಿ ಬಂತು. ರಾಜ್ಯದ ಪಾಲು ಹೀಗೆ ಬದಲಾಗುತ್ತಾ ಇರುತ್ತದೆ. ಅದಕ್ಕೇ ಪ್ರತಿ ತಿಂಗಳು ಅಂಗಡಿಯ ಬೋರ್ಡು ಓದಬೇಕು. ಅಕ್ಷರ ಕಲಿತದ್ದು ಇದಕ್ಕೂ ಹೌದಲ್ಲ?

ಇನ್ನೊಂದು ಮಾತು, ಅಕ್ಕಂದಿರಿಗೆ. ಈ ಕಾಯ್ದೆ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಹೆಣ್ಣುಮಗಳೇ. 18 ವರ್ಷ ದಾಟಿದವರಲ್ಲಿ ಹಿರಿಯಳ ಹೆಸರು ಮೊದಲು. ನಿಮ್ಮ ಕಾರ್ಡು ತೆಗೆದು ನಿಮ್ಮ ಹೆಸರು ಎಲ್ಲಿದೆ ಓದಿ ನೋಡ್ರಿ.

ಈಗ ತೂಕದ ಲೆಕ್ಕ. ಆರು ಮಂದಿಯ ಬಿಪಿಎಲ್ ಮನೆ. 6 ಗುಣಿಸು 5, ಒಟ್ಟು 30 ಕಿಲೋ. ತಕ್ಕಡಿಯಲ್ಲಿ 29 ಬಂತು ಅನ್ನಿ. "ಒಂದು ಕಿಲೋ ಹೋದರೆ ಹೋಗಲಿ ಬಿಡು" ಅಂತೀರಿ. ಆ ಅಂಗಡಿಗೆ 400 ಕಾರ್ಡು. ಎಲ್ಲರೂ ಹೋಗಲಿ ಬಿಡು ಅಂದರೆ ತಿಂಗಳಿಗೆ 400 ಕಿಲೋ. 50 ಕಿಲೋ ಚೀಲದಲ್ಲಿ ಎಂಟು ಚೀಲ. ಎಲ್ಲಾ ಅಂಗಡಿಯವರೂ ಹೀಗೆ ಅಂತ ನಾವು ಹೇಳೋದಿಲ್ಲ. ಚಲೋ ತೂಗುವವರು ಬಹಳ ಇದ್ದಾರೆ. ಆದರೆ ತೂಕದ ಯಂತ್ರದ ಅಂಕಿ ಓದುವ ಗಿರಾಕಿ ಎದುರಿಗೆ ನಿಂತರೆ ತೂಕ ತಾನೇ ಸರಿ ಬರುತ್ತದೆ. ಪಾತ್ರೆ ಇಡುವ ಮೊದಲು ಸೊನ್ನೆ ಇದೆಯೇ ನೋಡ್ರಿ. ಚೀಟಿ ಕೇಳಿ ತಗೊಳ್ರಿ. ಚೀಟಿಯ ಅಂಕಿ, ಯಂತ್ರದ ಅಂಕಿ ಒಂದೇ ಇರಬೇಕು. ಇಲ್ಲದಿದ್ದರೆ 1967 ಎಂಬ ಸಂಖ್ಯೆಗೆ ಫೋನ್ ಮಾಡಬಹುದು, ದುಡ್ಡು ಬೀಳೋದಿಲ್ಲ. ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಅರ್ಜಿಯನ್ನೂ ಬರೆಯಬಹುದು.

ಹೆಬ್ಬೆಟ್ಟಿನ ಕತೆ ಒಂದು ಇದೆ. ಸಾಕ್ಷರತಾ ಕೇಂದ್ರಕ್ಕೆ ಬಂದು ನಾವು ಹೆಬ್ಬೆಟ್ಟು ಬಿಟ್ಟು ಸಹಿ ಕಲಿತೆವು. ಈಗ ರೇಷನ್ ಅಂಗಡಿಯ ಯಂತ್ರ ಮತ್ತೆ ಬೆರಳನ್ನೇ ಕೇಳುತ್ತದೆ! ಕಲ್ಲು ಹೊತ್ತ ಕೈ, ಕಳೆ ಕಿತ್ತ ಕೈ, ಮೆಣಸಿನಕಾಯಿ ಬಿಡಿಸಿದ ಕೈ. ಗೆರೆ ಸವೆದಿರುತ್ತದೆ. ಯಂತ್ರ "ಹೊಂದಲಿಲ್ಲ" ಅನ್ನುತ್ತದೆ. ಬೆರಳು ಹೊಂದಲಿಲ್ಲ ಅಂತ ಬರಿಗೈಲಿ ಕಳಿಸಬಾರದು ಎಂದು ಕೇಂದ್ರ ಸರ್ಕಾರ 2017ರಲ್ಲಿ ರಾಜ್ಯಗಳಿಗೆ ತಿಳಿಸಿದೆ. ಕಾರ್ಡಿನಲ್ಲಿ ಹೆಸರಿರುವ ಇನ್ನೊಬ್ಬರು ಬೆರಳು ಕೊಡಬಹುದು. ಹಣಿಯಬೇಡಿ, ಕೇಳ್ರಿ.

ರೇಷನ್ ಅಂಗಡಿಗೂ ಒಂದು ಕೊರತೆ ಇದೆ. ನಮ್ಮದು ಜೋಳದ ರೊಟ್ಟಿಯ ಹೊಟ್ಟೆ. ಬರುವುದು ಹೆಚ್ಚಾಗಿ ಅಕ್ಕಿ. ಕೆಲವರು ಅಕ್ಕಿ ಮಾರಿ ಜೋಳ ತರುತ್ತಾರೆ. ಓಣಿಗೆ ಗಾಡಿ ತಂದು ಆ ಅಕ್ಕಿ ಕೊಳ್ಳುವವರೂ ಇದ್ದಾರೆ. ರೇಷನ್ ಅಕ್ಕಿ ಮಾರುವುದು ಅಪರಾಧ. ಆದರೆ ತಪ್ಪು ಮಾರಿದವಳದು ಒಂದೇ ಅಂತ ನಮಗೆ ಅನ್ನಿಸೋದಿಲ್ಲ. ಉಣ್ಣುವವರನ್ನು ಕೇಳಿ ಧಾನ್ಯ ಕೊಟ್ಟರೆ ಗಾಡಿಯವನಿಗೆ ಏನು ಕೆಲಸ?

ಬೀದರದ ಗಡಿ ದಾಟಿದರೆ ಜಹೀರಾಬಾದ್. ಅದು ಈಗ ತೆಲಂಗಾಣದಲ್ಲಿದೆ. ಅಲ್ಲಿ ಪಸ್ತಾಪುರ ಎಂಬ ಹಳ್ಳಿಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಇದೆ. ಅದನ್ನು ಕಟ್ಟಿದವರಲ್ಲಿ ಒಬ್ಬರು ನಮ್ಮ ಮೈಸೂರಿನ ಪಿ.ವಿ. ಸತೀಶ್. ಅವರು 2023ರಲ್ಲಿ ತೀರಿಕೊಂಡರು. ಸುತ್ತಲ ಹಳ್ಳಿಗಳ ಬಡ ದಲಿತ ಹೆಣ್ಣುಮಕ್ಕಳ ಸಂಘಗಳು 1990ರ ದಶಕದ ನಡುವೆ ಒಂದು ಕೆಲಸ ಮಾಡಿದವು. ಬೀಳು ಬಿದ್ದ ಹೊಲಗಳಿಗೆ ಸಾಲ ಕೊಟ್ಟು ಜೋಳ ಬಿತ್ತಿಸಿದವು. ಸಾಲವನ್ನು ರೊಕ್ಕದಲ್ಲಿ ಅಲ್ಲ, ಜೋಳದಲ್ಲೇ ತಿರುಗಿ ಪಡೆದವು. ಆ ಜೋಳ ಊರಲ್ಲೇ ಉಳಿಯಿತು. ಮಳೆಗಾಲದ ಹಸಿವಿನ ತಿಂಗಳಲ್ಲಿ ಬಡವರಿಗೆ ಅಗ್ಗದಲ್ಲಿ ಮಾರಿದರು.

ಯಾರು ಬಡವರು? ಅದನ್ನು ಕಚೇರಿಯವರು ಬರೆಯಲಿಲ್ಲ. ನೆಲದ ಮೇಲೆ ಊರಿನ ನಕ್ಷೆ ಬಿಡಿಸಿ, ಮನೆ ಮನೆಯ ಮೇಲೆ ಕೈಯಿಟ್ಟು, ಎಲ್ಲರ ಎದುರಿಗೆ ಊರವರೇ ಹೇಳಿದರು. ಎಲ್ಲರ ಎದುರಿಗೆ ಸುಳ್ಳು ಹೇಳುವುದು ಕಷ್ಟ.

ಅಷ್ಟು ದೊಡ್ಡದು ನಮ್ಮಿಂದ ಆಗದಿರಬಹುದು. ಸಣ್ಣದು ಆಗುತ್ತದೆ. ಓಣಿಯ 30 ಮನೆ ಸೇರಲಿ. ರೊಟ್ಟಿ ಮಾಡುವ ಮನೆಯಲ್ಲಿ ದಿನಾ ಒಂದು ಹಿಡಿ ಜೋಳ ಬೇರೆ ಗಡಿಗೆಗೆ ಹಾಕಲಿ. ಒಂದು ಹಿಡಿ 50 ಗ್ರಾಂ ಅಂತ ಹಿಡಿಯೋಣ. ತಿಂಗಳಿಗೆ ಒಂದೂವರೆ ಕಿಲೋ. 30 ಮನೆಗೆ 45 ಕಿಲೋ. ಎಂಟು ತಿಂಗಳಿಗೆ 360 ಕಿಲೋ, ಅಂದ್ರೆ ಮೂರು ಕ್ವಿಂಟಾಲ್ ಮೇಲೆ 60 ಕಿಲೋ. ಆಷಾಢ, ಶ್ರಾವಣದಲ್ಲಿ ಓಣಿಯ ಆರು ಮನೆಗೆ ತಿಂಗಳಿಗೆ 30 ಕಿಲೋ ಆಯಿತು. ಸುಗ್ಗಿ ಆದಮೇಲೆ ತಂದಷ್ಟೇ ತಿರುಗಿ ಹಾಕಿದರೆ ಸಾಕು. ಸವಾಯಿ ಬೇಡ, ದೀಡಿ ಬೇಡ. ದುಡಿಯುವವರಿಲ್ಲದ ಮುದುಕಿ ತಿರುಗಿ ಹಾಕದಿದ್ದರೂ ನಡೆಯುತ್ತದೆ, ಅದನ್ನು ಮೊದಲೇ ಕೂತು ಮಾತಾಡಿಕೊಳ್ಳಬೇಕು.

ಪುಸ್ತಕದಲ್ಲಿ ನಾಲ್ಕು ಗೆರೆ ಎಳೆದರೆ ಸಾಕು: ಹೆಸರು, ಹಾಕಿದ್ದು, ತಗೊಂಡದ್ದು, ಸಹಿ. ಬರೆಯುವವಳು ಒಬ್ಬಳು, ಕೀಲಿ ಇನ್ನೊಬ್ಬಳ ಹತ್ತಿರ. ಅಮಾವಾಸ್ಯೆಗೊಮ್ಮೆ ಎಲ್ಲರ ಎದುರಿಗೆ ಗಟ್ಟಿಯಾಗಿ ಓದಬೇಕು. ಜೋಳದ ಜೊತೆ ಒಣಗಿದ ಬೇವಿನ ಎಲೆ ಹಾಕಿ ಇಟ್ಟರೆ ನುಸಿ ಕಡಿಮೆ. ಹಸಿ ಕಾಳು ಮಾತ್ರ ಯಾರು ತಂದರೂ ತಗೋಬಾರದು. ಹಲ್ಲಿಗೆ ಹಾಕಿ ಕಡಿದು ನೋಡ್ರಿ. ಕಟ್ ಅಂದರೆ ಒಣಗಿದೆ. ಮೆತ್ತಗೆ ಚಪ್ಪಟೆ ಆದರೆ ಇನ್ನೆರಡು ದಿನ ಬಿಸಿಲಿಗೆ ಹಾಕಿ ತಾ ಅಂತ ಹೇಳಿ ಕಳಿಸ್ರಿ.